ಸಿಗ್ನಲ್ ಬರದ ಮನೆ

ರೂಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಮನೆಯನ್ನು ನಾನು ಕಂಡದ್ದು ಅದೊಂದೇ. ಬೀರುವಿನ ಹಿಂಬದಿಯ ತಗಡಿಗೆ ಡ್ರಿಲ್ ಹಾಕಿ ತೂತು ಕೊರೆದು, ಅದರೊಳಗಿಂದ ವೈರು ಎಳೆದು, ರೇಷ್ಮೆ ಸೀರೆಗಳ ಪಕ್ಕದಲ್ಲಿ ರೂಟರನ್ನು ಕೂರಿಸಿದ್ದರು. ಬೀಗದ ಕೈ ಮನೆಯ ಹಿರಿಯಮ್ಮನ ಸೊಂಟದಲ್ಲಿತ್ತು. ರೂಟರು ಎಲ್ಲಿದೆ ಎಂದು ನಾನು ಕೇಳಿದಾಗ ಆಕೆ ಗೋಡೆ ಹಿಡಿದುಕೊಂಡು ಎದ್ದು ಬಂದು, ಕೀಲಿಗೊಂಚಲು ಬಿಚ್ಚಿ, ಬೀರು ತೆಗೆದು, ಒಡವೆ ತೋರಿಸುವ ಹಾಗೆ ತೋರಿಸಿದರು. ನುಸಿಗುಳಿಗೆಯ ವಾಸನೆಯ ನಡುವೆ ಅದು ಹಸಿರು ದೀಪ ಮಿನುಗಿಸುತ್ತಾ ಕೂತಿತ್ತು.

"ಬೆಲೆ ಬಾಳೋ ಸಾಮಾನು ಕಣಪ್ಪ, ಈಚೆ ಇಟ್ರೆ ಉಳೀತೈತಾ?" ಎಂದರು ಆಕೆ.

"ಅಜ್ಜಿ, ಇದು ಕಬ್ಬಿಣದ ಬೀರು. ಒಳಗಿಟ್ರೆ ಸಿಗ್ನಲ್ ಹೊರಗೆ ಬರಲ್ಲ."

"ಬರ್ದೇ ಏನು? ದೀಪ ಉರೀತಾನೇ ಐತಲ್ಲ!"

ನಾನು ನಕ್ಕೆ. ಆಕೆಯ ಮಗನೂ ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಸೊಸೆ ಮಾತ್ರ ನಗಲಿಲ್ಲ. ನಾನು ಬರೆಯಹೊರಟಿರುವುದು ಅವರ ಬಗ್ಗೆ.

ಅವರು ಹೋದ ತಿಂಗಳು ತೀರಿಕೊಂಡರು. ಜ್ವರವೆಂದು ಆಸ್ಪತ್ರೆಗೆ ಸೇರಿಸಿದ್ದರಂತೆ, ಮತ್ತೆ ಮನೆಗೆ ಬರಲಿಲ್ಲ. ಹೆಸರು ಬರೆಯುವುದಿಲ್ಲ. ಆಫೀಸಿನಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ, ಇಲ್ಲೂ ಅದೇ ಸಾಕು. ಮನೆ ಯಲಹಂಕದ ಪುಟ್ಟೇನಹಳ್ಳಿ ಎಂದಿಟ್ಟುಕೊಳ್ಳಿ. ಗುರುತು ಹಿಡಿಯುವಂಥ ಕೆಲವು ಸಂಗತಿಗಳನ್ನು ಬೇಕೆಂದೇ ಬದಲಿಸಿದ್ದೇನೆ. ಅದಕ್ಕೆ ಕಾರಣವಿದೆ.

ಹೆಬ್ಬಾಳದಲ್ಲಿ, ಟೈಲ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸಿತ್ತು. ಅಮೆರಿಕದ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಏನು ಕಂಡಿತು, ಏನು ಔಷಧಿ ಕೊಟ್ಟೆ ಎಂದೆಲ್ಲ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಇಲ್ಲಿ ಕೂತವರು ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳಿ ಟೈಪ್ ಮಾಡಬೇಕು. ಅಕ್ಕ ಟೈಪ್ ಮಾಡುವವರು. ನಾನು ಕಂಪ್ಯೂಟರು ಕೆಟ್ಟರೆ ಬೈಸಿಕೊಳ್ಳುವವನು. ಕಂಪನಿಯವರು ಜಾಗ ಕಡಿಮೆ ಮಾಡಲು ಕೆಲವರಿಗೆ ಮನೆಯಿಂದಲೇ ಕೆಲಸ ಮಾಡಿ ಎಂದು ಹೇಳತೊಡಗಿದಾಗ, ಅವರ ಮನೆಗಳಿಗೆ ಹೋಗಿ ರೂಟರು ಕೂರಿಸುವುದೂ ನನ್ನ ತಲೆಗೇ ಬಂತು. ಯಶವಂತಪುರದಿಂದ ಚಿಕ್ಕಜಾಲದವರೆಗೆ ಎಷ್ಟು ಜನರ ಮನೆ ಹೊಕ್ಕಿದ್ದೇನೋ ಲೆಕ್ಕವಿಲ್ಲ. ಇವತ್ತಿಗೂ ಯಾರ ಮನೆಗೆ ಕಾಲಿಟ್ಟರೂ ಮೊದಲು ನನ್ನ ಕಣ್ಣು ಹೋಗುವುದು ಗೋಡೆಯ ದಪ್ಪಕ್ಕೆ. ಹೆಣ್ಣು ನೋಡಲು ಬಂದಾಗಲೂ ಗೋಡೆಯನ್ನೇ ನೋಡುತ್ತಿದ್ದಿರಿ ಎಂದು ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಅಕ್ಕನಿಗೆ ಆಗ ನಲವತ್ತು ದಾಟಿತ್ತು. ಹಳೇ ಊರಿನ ಮನೆತನ. ಗಂಡ ಮರಳು, ಜಲ್ಲಿ, ಸಿಮೆಂಟಿನ ಅಂಗಡಿ ಇಟ್ಟಿದ್ದರು. ಮಗಳು ಓದಲು ಹಾಸ್ಟೆಲ್ ಸೇರಿದ ಮೇಲೆ ಅಕ್ಕ ಈ ಕೆಲಸಕ್ಕೆ ಬೇಕಾದ ಕೋರ್ಸು ಮಾಡಿಕೊಂಡು ಬಂದವರು. ಹೊಸದರಲ್ಲಿ ಮನೆಯವರೆಲ್ಲ ಇದು ಎಷ್ಟು ದಿನದ ಆಟವೋ ನೋಡೋಣ ಎಂದುಕೊಂಡಿದ್ದರಂತೆ. ಹಾಗೆ ಅಂದುಕೊಂಡದ್ದರಿಂದಲೇ ಯಾರೂ ಬೇಡ ಅನ್ನಲಿಲ್ಲ ಎಂದು ಅವರೇ ಹೇಳಿದ್ದರು.

ಹೀಗೆ ಕೇಳಿ ಟೈಪ್ ಮಾಡುವ ಟ್ರಾನ್ಸ್‌ಕ್ರಿಪ್ಷನ್ ಕೆಲಸದವರಿಗೆ ಮೇಜಿನ ಕೆಳಗೆ ಪೆಡಲ್ ಇರುತ್ತದೆ. ಬಲಗಾಲಲ್ಲಿ ಒತ್ತಿದರೆ ದನಿ ಮುಂದಕ್ಕೆ ಹೋಗುತ್ತದೆ, ಎಡಗಾಲಲ್ಲಿ ಒತ್ತಿದರೆ ಹಿಂದಕ್ಕೆ. ಅಕ್ಕನ ಕಾಲಿಗೆ ಅದು ಎಷ್ಟು ಒಗ್ಗಿತ್ತೆಂದರೆ ಊಟಕ್ಕೆ ಕೂತಾಗಲೂ ಯಾರಾದರೂ ಗಡಿಬಿಡಿಯಲ್ಲಿ ಏನಾದರೂ ಹೇಳಿದರೆ ಎಡಗಾಲು ನೆಲ ಒತ್ತುತ್ತಿತ್ತು. "ಇನ್ನೊಂದ್ಸಲ ಹೇಳು" ಎನ್ನುತ್ತಿದ್ದರು. ಮ್ಯಾನೇಜರು ಗದರಿದರೆ ಅವರ ಉತ್ತರ ಒಂದೇ, "ಕೇಳಿಸ್ತು ಸಾರ್." ಒಪ್ಪಿದರೋ ಬಿಟ್ಟರೋ ಅದರಲ್ಲಿ ಗೊತ್ತಾಗುತ್ತಿರಲಿಲ್ಲ. ಮ್ಯಾನೇಜರಿಗೆ ಇದರಿಂದ ಮೈ ಉರಿಯುತ್ತಿತ್ತು. ನಮಗೆಲ್ಲ ಖುಷಿಯಾಗುತ್ತಿತ್ತು.

ಡಾಕ್ಟರುಗಳ ಮುಖ ನೋಡದಿದ್ದರೂ ಅವರಿಗೆ ಎಲ್ಲರ ಪರಿಚಯವಿತ್ತು. ಇವನು ತಿನ್ನುತ್ತಾ ಮಾತಾಡ್ತಾನೆ, ಇವಳಿಗೆ ಮನೇಲಿ ಏನೋ ಬೇಜಾರು, ಎಂದು ಹೇಳುತ್ತಿದ್ದರು. ಒಬ್ಬ ಡಾಕ್ಟರು ರೆಕಾರ್ಡ್ ಮಾಡುವಾಗ ಒಂದೇ ಸಮನೆ ಕೆಮ್ಮುತ್ತಿದ್ದನಂತೆ. "ಊರಿನೋರ ಎದೆ ಎಲ್ಲಾ ನೋಡ್ತಾನೆ, ಅವನ ಎದೆ ನೋಡೋರು ಯಾರೂ ಇಲ್ಲ ಕಣಪ್ಪ" ಎಂದು ಮರುಗಿದ್ದರು. ಕೆಲವು ತಿಂಗಳಾದ ಮೇಲೆ ಅವನ ದನಿ ಬರುವುದು ನಿಂತಿತು. ಆ ವಾರವೆಲ್ಲ ಅಕ್ಕ ಮಂಕಾಗಿದ್ದರು. ಬೇರೆ ಆಸ್ಪತ್ರೆ ಸೇರಿರಬಹುದು ಬಿಡಿ ಅಕ್ಕ ಎಂದು ನಾನು ಸಮಾಧಾನ ಹೇಳಬೇಕಾಯಿತು. ಹೇಳುವಾಗ ನನಗೆ ನಗು ಬರುತ್ತಿತ್ತು, ಆದರೂ ಹೇಳಿದೆ.

ಅವರ ಸೀಟು ಕಿಟಕಿ ಪಕ್ಕ. ಅಲ್ಲಿಂದ ಫ್ಲೈಓವರಿನ ಬೆನ್ನು, ಅದರಾಚೆ ಒಂದು ಚೂರು ಕೆರೆ ಕಾಣುತ್ತಿತ್ತು. ಬೆಳಿಗ್ಗೆ ನಾವೆಲ್ಲ ಹೆಬ್ಬಾಳದ ಟ್ರಾಫಿಕ್ಕಿಗೆ ಹಿಡಿಶಾಪ ಹಾಕುತ್ತಾ ಒಳಗೆ ಬಂದರೆ ಅಕ್ಕ ಮದುವೆ ಮನೆಗೆ ಬಂದವರ ಹಾಗೆ ಬರುತ್ತಿದ್ದರು. ಒಂದು ದಿನ ಜಕ್ಕೂರಿನಿಂದ ಇತ್ತ ಬಸ್ಸು ಇರುವೆಯ ಹಾಗೆ ತೆವಳಿ, ಅವರು ತೀರಾ ತಡವಾಗಿ ಬಂದರು. ಪಾಪ ಎಂದೆ.

"ಯಾಕಪ್ಪ ಪಾಪ? ಜಾಮ್ ಆಗ್ಲಿ ಬಿಡು. ಬಸ್ಸಲ್ಲಿ ಯಾರೂ ಕಾಫಿ ಕೇಳಲ್ಲ."

ಆಗ ನನಗೆ ಅದು ಬರೀ ತಮಾಷೆ ಅನ್ನಿಸಿತ್ತು. ಆಮೇಲೆ ಅವರ ಮನೆಯನ್ನು ನೋಡಿದ ಮೇಲೆ ಅರ್ಥವಾಯಿತು. ಆ ಮನೆಯಲ್ಲಿ ಅವರು ಕೂತದ್ದನ್ನೇ ನಾನು ಕಂಡಿಲ್ಲ. ಕೂತರೆ ಯಾರೋ ಕರೆಯುತ್ತಿದ್ದರು. ಅತ್ತೆಗೆ ಮಂಡಿನೋವು, ಅಂಗಡಿಯ ಲೋಡಿಂಗ್ ಆಳುಗಳಿಗೆ ಕಾಫಿ, ಬಾಡಿಗೆ ಮನೆಯವರ ನೀರಿನ ತಕರಾರು, ಎಲ್ಲಕ್ಕೂ ಅವರೇ. ಆಫೀಸಿನ ಕುರ್ಚಿಯಲ್ಲಿ ಕೂತರೆ ಏಳು ಅನ್ನುವವರಿರಲಿಲ್ಲ. ಬೆಳಿಗ್ಗೆ ಬಸ್ಸು, ಮಧ್ಯಾಹ್ನ ನಮ್ಮೆಲ್ಲರ ಜೊತೆ ಊಟ, ಸಂಜೆ ಮತ್ತೆ ಬಸ್ಸು. ಅವರಿಗೆ ಬೇಕಾಗಿದ್ದದ್ದು ಅಷ್ಟು.

ಅವರ ಗಂಡ ಒಂದು ದಿನ ಆಫೀಸಿಗೇ ಬಂದು ಮ್ಯಾನೇಜರನ್ನು ಕಂಡರು. ಮನೆಯಿಂದ ಕೆಲಸ ಮಾಡುವವರಲ್ಲಿ ನಮ್ಮನೆಯವಳನ್ನೂ ಸೇರಿಸಿ ಎಂದು ಕೇಳಿಕೊಂಡರು. "ದಿನಾ ನೇತಾಡ್ಕೊಂಡು ಹೋಗಿ ಬರ್ತಾಳೆ ಸಾರ್, ನೋಡಕ್ಕಾಗಲ್ಲ" ಎಂದರು. ಕಣ್ಣಲ್ಲಿ ನಿಜವಾಗಿಯೂ ಸಂಕಟವಿತ್ತು. ಅವರು ಕೆಟ್ಟವರಲ್ಲ, ಇದನ್ನು ಒತ್ತಿ ಹೇಳಬೇಕು. ಹೆಂಡತಿಗೆ ಕಾಲು ನೋಯುತ್ತದೆಂದು ಒಳ್ಳೆಯ ಚಪ್ಪಲಿ ಹುಡುಕಿ ತರುವ ಮನುಷ್ಯ. ಆಕೆಗೆ ಏನು ಬೇಕೆಂದು ಕೇಳುವುದೊಂದು ಮಾತ್ರ ಅವರಿಗೆ ಹೊಳೆದಿರಲಿಲ್ಲ.

ಮ್ಯಾನೇಜರು ಒಪ್ಪಿದರು. ಹುಡುಗಿಯರೆಲ್ಲ ಅಕ್ಕನನ್ನು ಮುತ್ತಿಕೊಂಡು ಪುಣ್ಯ ಮಾಡಿದ್ದೀರಿ ಕಣಕ್ಕಾ, ಮನೇಲೇ ಆರಾಮಾಗಿ ಕೂತ್ಕೊಂಡು ಮಾಡಬಹುದು ಎಂದು ಸಂಭ್ರಮಪಟ್ಟರು. ಅಕ್ಕ "ಕೇಳಿಸ್ತು" ಎಂದರು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತು, "ಮನೇಲಿ ಸಿಗ್ನಲ್ ಸರಿಯಾಗಿ ಬರ್ದಿದ್ರೆ ಏನ್ ಮಾಡ್ತಾರೆ?" ಎಂದು ಕೇಳಿದರು.

"ಆ ಮನೆ ಆಗಲ್ಲ ಅಂತ ಬರೀತೀನಿ. ನೀವು ಆಫೀಸಿಗೇ ಬರ್ಬೇಕಾಗುತ್ತೆ" ಎಂದೆ. ಅವರನ್ನು ಹೆದರಿಸುತ್ತಿದ್ದೇನೆ ಅಂದುಕೊಂಡು, "ನಾನಿದ್ದೀನಲ್ಲ, ಬರೋ ಹಾಗೆ ಮಾಡ್ಕೊಡ್ತೀನಿ ಬಿಡಿ" ಎಂದೂ ಸೇರಿಸಿದೆ.

ಅವರ ಮನೆ ಎದುರಿಗೆ ಹಳೇ ಕಾಲದ ಮಣ್ಣಿನ ಗೋಡೆಯದು, ಹಿಂದಕ್ಕೆ ಹೊಸದಾಗಿ ಕಟ್ಟಿಸಿದ ರೂಮುಗಳು. ಕೇಬಲ್ಲಿನವನು ಇಂಟರ್ನೆಟ್ಟಿನ ವೈರನ್ನೂ ರೂಟರನ್ನೂ ಟೀವಿ ಇರುವ ಹಾಲಿಗೆ ತಂದು ಬಿಟ್ಟಿದ್ದ. ಅಕ್ಕನ ಕೆಲಸಕ್ಕೆ ನಿಶ್ಶಬ್ದ ಬೇಕಾದ್ದರಿಂದ ಕಂಪ್ಯೂಟರು ಹಿಂದಿನ ರೂಮಿನಲ್ಲಿ. ಹಾಲಿನಿಂದ ಹಿಂದಿನ ರೂಮಿಗೆ ಸಿಗ್ನಲ್ ಹೋಗಬೇಕು, ನಡುವೆ ಆ ಕೋಟೆಯಂಥ ಗೋಡೆ. ಅದಕ್ಕೆ ತೂತು ಹಾಕಲು ಹಿರಿಯಮ್ಮ ಸುತರಾಂ ಒಪ್ಪಲಿಲ್ಲ. ಆ ಗೋಡೆಯ ಇನ್ನೊಂದು ಮಗ್ಗುಲಿಗೆ ದೇವರ ಗೂಡಿತ್ತು.

ಬೀರುವಿನ ಕತೆ ಆಗಲೇ ಹೇಳಿದೆ. ರೂಟರನ್ನು ಅದರಿಂದ ಬಿಡಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಮಣ್ಣಿನ ಗೋಡೆಯನ್ನು ದಾಟಿ ಸಿಗ್ನಲ್ ಸುಮಾರಾಗಿ ಬಂತು. ನಾಳೆ ಇನ್ನೊಮ್ಮೆ ಪರೀಕ್ಷೆ ಮಾಡಿ ಶುರು ಮಾಡಿಬಿಡಿ ಎಂದು ಹೇಳಿ ಹೊರಟೆ. ಮಾರನೆಯ ದಿನ ಬೆಳಿಗ್ಗೆ ಅಕ್ಕ ಆಫೀಸಿನಲ್ಲಿ ಹಾಜರು. "ಬರ್ಲಿಲ್ಲ ಕಣಪ್ಪ."

ಮತ್ತೆ ಹೋದೆ. ಕಿಟಕಿಯ ಪಕ್ಕಕ್ಕೆ ನೀಲಿ ಪ್ಲಾಸ್ಟಿಕ್ಕಿನ ನೀರಿನ ಡ್ರಮ್ಮುಗಳು ಬಂದು ಕೂತಿದ್ದವು, ಒಂದರ ಪಕ್ಕ ಒಂದು, ಬಾಯಿ ತನಕ ತುಂಬಿ. ಆ ಕಡೆಯೆಲ್ಲ ನಲ್ಲಿಯಲ್ಲಿ ನೀರು ಬರುವ ದಿನ ಸಿಕ್ಕಸಿಕ್ಕ ಪಾತ್ರೆಗೆಲ್ಲ ಹಿಡಿದಿಡುವುದು ಎಲ್ಲರ ಮನೆಯ ರೂಢಿ, ಹಾಗಾಗಿ ನನಗೇನೂ ಅನ್ನಿಸಲಿಲ್ಲ. ನೀರು ಸಿಗ್ನಲ್ಲನ್ನು ಕುಡಿದುಬಿಡುತ್ತದೆ ಎಂದು ಗಂಡನಿಗೆ ವಿವರಿಸಿದೆ. ಅವರು "ಹೌದಾ ಸಾರ್? ಇದೊಂದು ಗೊತ್ತಿರ್ಲಿಲ್ಲ ನೋಡಿ" ಎಂದು ತಾವೇ ಡ್ರಮ್ಮು ಜರುಗಿಸಿದರು. ಸಿಗ್ನಲ್ ಬಂತು. ಎರಡು ದಿನ ಬಿಟ್ಟು ಅಕ್ಕ ಮತ್ತೆ ಆಫೀಸಿನಲ್ಲಿ, ಟಿಫನ್ ಡಬ್ಬಿಯ ತುಂಬ ನಿಪ್ಪಟ್ಟು ತಂದು ಎಲ್ಲರಿಗೂ ಹಂಚುತ್ತಾ. "ಬರ್ತಿಲ್ಲ ಕಣಪ್ಪ."

ಈ ಸಲ ಮ್ಯಾನೇಜರು ನನ್ನ ಮೇಲೆ ಹಾರಾಡಿದರು. ಒಂದು ರೂಟರು ಕೂರಿಸೋಕೆ ಎಷ್ಟು ಸಲ ಹೋಗ್ತೀರಿ, ಗಾಡಿಗೆ ಪೆಟ್ರೋಲ್ ಕಂಪನಿಯದ್ದು ಅಂತಲಾ ಎಂದರು. ಬೆಂಕಿ ಕಾರುತ್ತಾ ಪುಟ್ಟೇನಹಳ್ಳಿಗೆ ಹೋದೆ. ರೂಟರು ಕಿಟಕಿಯಲ್ಲೇ ಇತ್ತು. ಡ್ರಮ್ಮು ಇರಲಿಲ್ಲ. ಹಿಂದಿನ ರೂಮಿಗೆ ಹೋದರೆ, ಕಂಪ್ಯೂಟರಿನ ಬೆನ್ನ ಹಿಂದೆ, ಗೋಡೆಗೆ ಆನಿಸಿ, ಆಳೆತ್ತರದ ಕನ್ನಡಿಯಿದ್ದ ಡ್ರೆಸ್ಸಿಂಗ್ ಟೇಬಲ್ ನಿಂತಿತ್ತು.

ಕನ್ನಡಿಯಲ್ಲಿ ನನ್ನದೇ ಪೆದ್ದು ಮುಖ ಕಂಡಿತು. ಆಗ ನೆನಪಾಯಿತು. ಆಫೀಸಿನಲ್ಲಿ ಊಟದ ಹೊತ್ತಿಗೆ ನಾನು ಹುಡುಗಿಯರ ಮುಂದೆ ದೊಡ್ಡದಾಗಿ ಭಾಷಣ ಬಿಗಿಯುತ್ತಿದ್ದೆ. ವೈಫೈಗೆ ಕಬ್ಬಿಣ ಆಗಲ್ಲ, ತುಂಬಿದ ನೀರು ಆಗಲ್ಲ, ಕನ್ನಡಿ ಎದುರಿಗಿದ್ದರಂತೂ ಮುಗಿದೇ ಹೋಯಿತು, ಎಂದೆಲ್ಲ. ಹುಡುಗಿಯರು ಮೊಬೈಲು ನೋಡುತ್ತಿದ್ದರು. ಅಕ್ಕ ಮೊಸರನ್ನ ಕಲಸುತ್ತಾ ತಲೆ ತಗ್ಗಿಸಿ ಕೂತಿದ್ದರು. ಕೇಳಿಸಿಕೊಳ್ಳುವುದೇ ಅವರ ಕಸುಬು ಎನ್ನುವುದನ್ನು ನಾನು ಮರೆತಿದ್ದೆ.

ತಿರುಗಿ ನೋಡಿದೆ. ಬಾಗಿಲಲ್ಲಿ ಗಂಡ, ಅವರ ಹಿಂದೆ ಹಿರಿಯಮ್ಮ, ಹಿರಿಯಮ್ಮನ ಹಿಂದೆ ಅಕ್ಕ. ಅಕ್ಕ ನನ್ನನ್ನೇ ನೋಡುತ್ತಿದ್ದರು. ಬೇಡಿಕೊಳ್ಳುವ ಮುಖವೇನೂ ಅಲ್ಲ. ಕೊಂಚ ಸಿಟ್ಟೇ ಇತ್ತು, ಇಷ್ಟು ಹೊತ್ತು ಬೇಕಾಯಿತಾ ನಿನಗೆ ಎನ್ನುವ ಹಾಗೆ.

"ಏನ್ ಸಾರ್, ಬರುತ್ತಾ?" ಎಂದರು ಗಂಡ.

"ಇಲ್ಲ ಸಾರ್. ಈ ಮನೆಗೆ ಆಗಲ್ಲ. ಗೋಡೆ ತುಂಬಾ ದಪ್ಪ."

"ಅಯ್ಯೋ, ನಮ್ಮ ಮಾವನ ಕಾಲದ ಗೋಡೆ ಕಣಪ್ಪ, ಇಂಗೇ ಅಲ್ವಾ ಕಟ್ತಿದ್ದಿದ್ದು" ಎಂದು ಹಿರಿಯಮ್ಮ ಹೆಮ್ಮೆಪಟ್ಟರು.

ಅವತ್ತು ನನಗೆ ಕಾಫಿಯ ಜೊತೆ ಒಬ್ಬಟ್ಟು ಸಿಕ್ಕಿತು. ಅಕ್ಕ ಮರುದಿನ ಬಸ್ಸಿನಲ್ಲಿ ಬಂದು ಕಿಟಕಿಯ ಪಕ್ಕ ಕೂತು ಹೆಡ್‌ಫೋನ್ ಹಾಕಿಕೊಂಡರು. ಥ್ಯಾಂಕ್ಸ್ ಗೀಂಕ್ಸ್ ಏನೂ ಇಲ್ಲ. ನಾನೂ ಆ ವಿಷಯ ಎತ್ತಲಿಲ್ಲ. ಒಂದು ವರ್ಷದ ಹತ್ತಿರ ಹಾಗೇ ನಡೆಯಿತು.

ಅದು ಮುರಿದದ್ದು ಅವರ ಗಂಡನ ಪ್ರೀತಿಯಿಂದಲೇ. ಹೆಂಡತಿಗೆ ಬಸ್ಸಿನಲ್ಲಿ ತಲೆ ಸುತ್ತು ಬಂದು ಒಮ್ಮೆ ಯಾರೋ ಮನೆಗೆ ಬಿಟ್ಟು ಹೋದರಂತೆ. ಮಾರನೆಯ ದಿನವೇ ಅವರು ಕೇಬಲ್ಲಿನವನನ್ನು ಹಿಡಿದು ತಂದು, ಗೋಡೆಗೆ ಕೈ ಹಚ್ಚದೆ, ವೈರನ್ನು ತಾರಸಿಯ ಮೇಲಿಂದ ಸುತ್ತಿಸಿ ಹಿಂದಿನ ರೂಮಿಗೇ ಇಳಿಸಿದರು. ಅಕ್ಕ ಕೂರುವ ಜಾಗದ ಮೇಲುಗಡೆ ಒಂದು ಹಲಗೆ ಹೊಡೆಸಿ ಅದರ ಮೇಲೆ ರೂಟರಿಟ್ಟರು. ಬೆನ್ನಿಗೆ ಒಳ್ಳೆಯದೆಂದು ಹೊಸ ಕುರ್ಚಿ, ತಣ್ಣಗಿರಲೆಂದು ಏಸಿ, ಕರೆಂಟು ಹೋದರೆ ಎಂದು ಯುಪಿಎಸ್. ಎಲ್ಲ ಮುಗಿಸಿಕೊಂಡು ನನಗೆ ಫೋನ್ ಮಾಡಿದರು. "ಬಂದು ಪಾಸ್‌ವರ್ಡ್ ಒಂದು ಹಾಕ್ಕೊಡಿ ಸಾರ್, ಮಿಕ್ಕಿದ್ದೆಲ್ಲಾ ರೆಡಿ."

ಹೋದೆ. ಸಿಗ್ನಲ್ ಪೂರ್ತಿ ಇತ್ತು. ಸುಳ್ಳು ಹೇಳುವ ಹಾಗೇ ಇರಲಿಲ್ಲ, ಕಂಪ್ಯೂಟರೇ ಎಲ್ಲರೆದುರು ತೋರಿಸುತ್ತಿತ್ತು. ಹಿರಿಯಮ್ಮ ರೂಟರಿಗೆ ಕುಂಕುಮ ಇಟ್ಟು, ಅದರ ಕೋಡಿಗೆ ಒಂದು ಸೇವಂತಿಗೆ ಸಿಕ್ಕಿಸಿ ಕೈ ಮುಗಿದರು. "ಇನ್ಮ್ಯಾಕೆ ನಮ್ಮ ಹುಡ್ಗಿ ಬೀದಿ ಅಲಿಯಂಗಿಲ್ಲ" ಎಂದರು. ಪಾಸ್‌ವರ್ಡ್ ಏನಿಡಲಿ ಎಂದು ಅಕ್ಕನನ್ನು ಕೇಳಿದೆ. ಗಂಡ ಮನೆದೇವರ ಹೆಸರು ಹೇಳಿದರು. "ಅವರು ಹೇಳಿದ್ದೇ ಇಡು" ಎಂದರು ಅಕ್ಕ.

ಗೇಟಿನವರೆಗೆ ಕಳಿಸಲು ಬಂದರು. ನಾನು ಗಾಡಿ ತಿರುಗಿಸುತ್ತಿದ್ದಾಗ, "ಎಲ್ಲೀತನಕ ಬರುತ್ತೆ ಇದು?" ಎಂದು ಕೇಳಿದರು.

"ಯಾವುದಕ್ಕಾ, ಸಿಗ್ನಲ್ಲಾ? ಗೇಟಿನ ತನಕ ಬರ್ಬಹುದು."

"ಹ್ಞೂಂ. ನಾನೂ ಅಷ್ಟೇ ಹಾಗಾದ್ರೆ."

ಕಿಕ್ ಹೊಡೆದು ಹೊರಟುಬಿಟ್ಟೆ. ಗಾಡಿಯ ಕನ್ನಡಿಯಲ್ಲಿ ನೋಡಿದರೆ ಅವರು ಗೇಟಿಗೆ ಚಿಲಕ ಹಾಕಿಕೊಂಡು ಒಳಗೆ ಹೋಗುತ್ತಿದ್ದರು.

ಮನೆಯಿಂದ ಕೆಲಸ ಎಂದರೆ ಆರಾಮ ಅಂದುಕೊಳ್ಳುವವರು ಆ ರೂಮಿನಲ್ಲಿ ಒಂದು ದಿನ ಕೂರಬೇಕಿತ್ತು. ಅದರ ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ಅದಕ್ಕೆ ಬಣ್ಣ ಕೂಡ ಇರಲಿಲ್ಲ, ಸಿಮೆಂಟಿನ ಗೋಡೆ. ಬಾಗಿಲು ಮಾತ್ರ ಸದಾ ತೆರೆಯುತ್ತಿತ್ತು. ಗ್ಯಾಸಿನವನು ಬಂದ, ಕುಕ್ಕರ್ ಕೂಗಿತು, ಮಾತ್ರೆ ಎಲ್ಲಿಟ್ಟೆ, ಬಾಡಿಗೆಯವರು ಬಂದಿದ್ದಾರೆ. ಕೆಲಸ ಮಾಡ್ತಿದ್ದೀನಿ ಅತ್ತೆ ಎಂದರೆ, "ಅಲ್ಲಿ ಆಪೀಸ್ನಾಗಿದ್ರೆ ಕರೀತಿದ್ನಾ? ಈಗ ಮನೇಲೇ ಇದ್ದೀಯಲ್ಲ" ಎನ್ನುತ್ತಿದ್ದರಂತೆ. ಅಮೆರಿಕದ ಡಾಕ್ಟರು ಕಿವಿಯಲ್ಲಿ ಯಾರದೋ ಹೃದಯದ ಬಗ್ಗೆ ಹೇಳುತ್ತಿರುವಾಗಲೇ ಬೆನ್ನ ಹಿಂದೆ ಹಾಲು ಉಕ್ಕಿದ ಸುದ್ದಿ ಬರುತ್ತಿತ್ತು. ಒಂದು ಸಲ ಪೆಡಲ್ ಕೆಟ್ಟಿದೆ ಎಂದು ಫೋನ್ ಬಂತು. ಹೋಗಿ ನೋಡಿದರೆ ಎಡಗಾಲಿನ ಕಡೆ ರಬ್ಬರು ಸವೆದು ಹರಿದಿತ್ತು. ಬಲಗಡೆ ಹೊಸದರಂತಿತ್ತು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಬೇಕಾಗಿತ್ತು ಅವರಿಗೆ.

ಒಂದೇ ಒಂದು ಸಂದು ಉಳಿದಿತ್ತು. ನೆಟ್ ಹೋದರೆ ಆಫೀಸಿಗೆ ಬಂದು ಕೆಲಸ ಮುಗಿಸಿ ಕೊಡಬೇಕು ಎನ್ನುವುದು ನಮ್ಮ ಕಂಪನಿಯ ನಿಯಮ. ಆ ದಿನಗಳಲ್ಲಿ ರಸ್ತೆ ಅಗೆದವರು ವೈರು ಕತ್ತರಿಸುವುದು, ಮಳೆಗೆ ಕೇಬಲ್ಲಿನವನ ಪೆಟ್ಟಿಗೆಗೆ ನೀರು ಹೊಕ್ಕುವುದು ಮಾಮೂಲು. ಅಂಥ ದಿನ ಅಕ್ಕ ಬರುತ್ತಿದ್ದರು. ತಲೆಗೆ ಹೂ ಮುಡಿದು, ಡಬ್ಬಿ ತುಂಬ ಏನಾದರೂ ತುಂಬಿಕೊಂಡು, "ನೆಟ್ ಇಲ್ಲ ಕಣಪ್ಪ ನಮ್ಮಲ್ಲಿ" ಎನ್ನುತ್ತಾ. ಬರಬರುತ್ತಾ ಅವರ ಬೀದಿಯಲ್ಲಿ ನೆಟ್ ಹೋಗುವುದು ತೀರಾ ಜಾಸ್ತಿಯಾಯಿತು. ನನ್ನ ಕಂಪ್ಯೂಟರಿನಲ್ಲಿ ಎಲ್ಲರ ರೂಟರುಗಳೂ ಕಾಣುತ್ತಿದ್ದವು, ಯಾವುದು ಕೆಟ್ಟದ್ದು, ಯಾವುದರ ಸ್ವಿಚ್ಚು ಆರಿಸಿದ್ದು ಎಂದು ಹೇಳಬಲ್ಲಷ್ಟು ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಆದರೆ ಅವರ ಗಂಡ ಸುಮ್ಮನಿರಬೇಕಲ್ಲ! ಪಾಪ, ಅವಳಿಗೆ ತೊಂದರೆಯಾಗುತ್ತೆ ಎಂದು ಬೇರೆ ಕಂಪನಿಯ ಇನ್ನೊಂದು ಕನೆಕ್ಷನ್ನನ್ನೂ ಹಾಕಿಸಿದರು. ಒಂದು ಹೋದರೆ ಇನ್ನೊಂದು. ಆ ಸಂದೂ ಮುಚ್ಚಿತು.

ಅದೇ ಸಮಯಕ್ಕೆ ಹಿರಿಯಮ್ಮ ಜಾರಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಅಕ್ಕ ಫೋನಿನಲ್ಲಿ ಮಾತಾಡುವುದು ಕಡಿಮೆಯಾಯಿತು. ಮಾತಾಡಿದರೂ ನಡುವೆ "ತಾಳು" ಎಂದು ಎದ್ದು ಹೋಗುತ್ತಿದ್ದರು, ನಾನು ಖಾಲಿ ರೂಮಿನ ಏಸಿಯ ಸದ್ದು ಕೇಳುತ್ತಾ ಕಾಯುತ್ತಿದ್ದೆ. ವಾಪಸ್ ಬರದೆ ಹೋದ ದಿನಗಳೂ ಇದ್ದವು. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ. ಆ ಮನೆಯಲ್ಲಿ ಸಿಟ್ಟು ಮಾಡಿಕೊಳ್ಳುವಂಥವರು ಯಾರೂ ಇರಲಿಲ್ಲ, ಅದೇ ಕಷ್ಟ.

ಕೊನೆಗೆ ಹೆಬ್ಬಾಳದ ಆಫೀಸನ್ನೇ ಮುಚ್ಚಿದರು. ಉಳಿದವರೆಲ್ಲರೂ ಮನೆಯಿಂದಲೇ ಕೆಲಸ ಮಾಡಿ, ನೇರ ಕಂಪನಿಯ ಚೆನ್ನೈ ಆಫೀಸಿಗೆ ಕಳಿಸಬೇಕು ಎಂದಾಯಿತು. ಮಾನಿಟರುಗಳನ್ನು ಮೆಟ್ಟಿಲಿಳಿಸಿ ಟೆಂಪೋಗೆ ತುಂಬಿದವನು ನಾನೇ. ಅವತ್ತು ಅಕ್ಕನ ಫೋನ್ ಬಂತು.

"ಆಫೀಸು ಮುಚ್ಚಿದ ವಿಷ್ಯ ಮನೆಗೇನಾದ್ರೂ ಹೇಳಿ ಕಳಿಸ್ತಾರಾ?"

"ಇಲ್ಲಕ್ಕಾ. ನಿಮ್ಮ ಮೇಲ್‌ಗೆ ಬಂದಿದೆಯಲ್ಲ, ಅಷ್ಟೇ."

"ಮನೆಯೋರಿಗೆ ಫೋನ್ ಗೀನ್?"

"ಯಾಕ್ ಮಾಡ್ತಾರೆ? ಮಾಡಲ್ಲ."

"ಕೇಳಿಸ್ತು ಕಣಪ್ಪ" ಎಂದು ಇಟ್ಟರು. ಕೆಲಸದ ಗಲಾಟೆಯಲ್ಲಿ ನಾನು ಅದರ ಬಗ್ಗೆ ಯೋಚಿಸಲಿಲ್ಲ. ಆಮೇಲೆ ನನಗೆ ನಾಗವಾರದ ಕಡೆ ಬೇರೆ ಕೆಲಸವಾಯಿತು. ಹಬ್ಬಕ್ಕೊಮ್ಮೆ ಮೆಸೇಜು, ಅಷ್ಟಕ್ಕೆ ನಿಂತಿತು ನಮ್ಮ ಒಡನಾಟ.

ತಿಥಿಗೆ ಹೋಗಿದ್ದೆ. ಬೀದಿಗೆ ಶಾಮಿಯಾನ ಹಾಕಿದ್ದರು. ಫೋಟೋದಲ್ಲಿ ಅಕ್ಕ ಯಾವುದೋ ಮದುವೆಯ ದಿನದ ಸೀರೆಯಲ್ಲಿದ್ದರು, ಗುರುತು ಸಿಗುವುದೇ ಕಷ್ಟವಿತ್ತು. ಊಟ ಮಾಡಿ ಕೈ ತೊಳೆದು ಹೊರಟವನನ್ನು ಅವರ ಗಂಡ ಪಕ್ಕಕ್ಕೆ ಕರೆದು ಕುರ್ಚಿ ಹಾಕಿದರು. ತಲೆ ಬೋಳಿಸಿದ್ದರಿಂದ ಇನ್ನೂ ಸಣ್ಣಗಾದಂತೆ ಕಂಡರು. ನನ್ನ ಕೈ ಹಿಡಿದುಕೊಂಡರು.

"ನಿಮ್ಮ ಆಫೀಸ್ನೋರು ಒಳ್ಳೇ ಜನ ಸಾರ್. ಕೊನೇವರೆಗೂ ಅವಳ ಕೈ ಬಿಡ್ಲಿಲ್ಲ."

ನನಗೆ ಅರ್ಥವಾಗಲಿಲ್ಲ. ಆಫೀಸು ಮುಚ್ಚಿ ಎರಡು ವರ್ಷದ ಮೇಲಾಗಿತ್ತು. ಅಲ್ಲಿ ಈಗ ಜಿಮ್ ಇದೆ.

"ಗುರುವಾರ ಗುರುವಾರ ಮೀಟಿಂಗ್‌ಗೆ ಕರೀತಿದ್ರಲ್ಲ. ಅದೊಂದು ದಿನ ಅವಳ ಮುಖ ನೋಡ್ಬೇಕಿತ್ತು. ನಾನೇ ಗಾಡೀಲಿ ಕರ್ಕೊಂಡು ಹೋಗಿ ಹೆಬ್ಬಾಳದ ಬಸ್ ಹತ್ತಿಸ್ತಿದ್ದೆ. ಅಮ್ಮನ್ನ ನೋಡ್ಕೊಳ್ಳೋಕೆ ಅವತ್ತು ಅಂಗಡಿ ಮುಚ್ಚಿ ನಾನೇ ಮನೇಲಿರ್ತಿದ್ದೆ. ಆಫೀಸ್ ಅಂದ್ಮೇಲೆ ಇಲ್ಲ ಅನ್ನಕ್ಕಾಗುತ್ತಾ?"

ಗುರುವಾರ ಅವರ ವಾರದ ರಜೆಯಾಗಿದ್ದಿರಬೇಕು. ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ರಜೆಯೆಂದರೆ ಆ ದಿನವೂ ಮನೆಯದಾಗುತ್ತಿತ್ತು. ನನಗೊಂದು ದಿನ ಬೇಕು ಎಂದಿದ್ದರೆ ಈ ಮನುಷ್ಯ ಕೊಡುತ್ತಿರಲಿಲ್ಲ ಎನ್ನಲಾರೆ. ಆದರೆ ಯಾಕೆ, ಎಲ್ಲಿಗೆ, ನಾನೂ ಬರ್ತೀನಿ ನಡಿ, ಎಂದು ಪ್ರೀತಿಯಿಂದಲೇ ಜೊತೆಗೆ ಹೊರಟುಬಿಡುತ್ತಿದ್ದರು.

"ಎಲ್ಲಿ ಕೂರ್ತಿದ್ಲು ಸಾರ್ ಅವಳು?"

"ಕಿಟಕಿ ಪಕ್ಕ ಸಾರ್. ಕೆರೆ ಕಾಣುತ್ತೆ ಅಲ್ಲಿಂದ."

"ಒಂದ್ಸಲ ಬಂದು ನೋಡ್ಲಾ? ಯಾರಿಗೂ ತೊಂದ್ರೆ ಕೊಡಲ್ಲ. ಸುಮ್ನೆ ಆ ಜಾಗ ನೋಡ್ಕೊಂಡು ಬಂದ್ಬಿಡ್ತೀನಿ."

ಎದ್ದು ಹೋಗಲು ಆಗುವುದಿಲ್ಲ, ಕೈ ಹಿಡಿದುಕೊಂಡಿದ್ದಾರೆ. ನಿಜ ಹೇಳಲು ಆಗುವುದಿಲ್ಲ. ಸುಳ್ಳು ಹೇಳಿದರೆ ಇನ್ನೊಂದು ಹೇಳಬೇಕು. "ಈಗಷ್ಟೇ ಖಾಲಿ ಮಾಡಿದ್ರು ಸಾರ್. ಮೇಜು ಕುರ್ಚಿ ಎಲ್ಲಾ ತೆಗೆದುಬಿಟ್ರು. ಅಲ್ಲಿ ಏನೂ ಉಳಿದಿಲ್ಲ" ಎಂದೆ.

ಅವರು ತಲೆ ಆಡಿಸಿದರು. ಅವರ ಹಿಂದೆ, ನಡುಮನೆಯ ಮಂಚದಲ್ಲಿ ಹಿರಿಯಮ್ಮ ಯಾರನ್ನೋ ಕರೆಯುತ್ತಿದ್ದರು. ಯಾರನ್ನು ಎಂದು ಕೇಳಿಸಿತು. ಆ ಹೆಸರಿಗೆ ಓಗೊಡುವವರು ಈಗ ಇಲ್ಲ ಎಂದು ಆಕೆಗೆ ಇನ್ನೂ ಹೊಳೆದಿರಲಿಲ್ಲ.

ಆ ಗುರುವಾರಗಳಲ್ಲಿ ಅಕ್ಕ ಎಲ್ಲಿಗೆ ಹೋಗುತ್ತಿದ್ದರೋ ನನಗೆ ಗೊತ್ತಿಲ್ಲ. ಬಸ್ಸಿನಲ್ಲೇ ಆ ಕೊನೆಯಿಂದ ಈ ಕೊನೆಗೆ ಓಡಾಡುತ್ತಿದ್ದರೋ, ಎಲ್ಲಾದರೂ ಒಂದು ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಿದ್ದರೋ. ಮನಸ್ಸು ಮಾಡಿದರೆ ಪತ್ತೆ ಹಚ್ಚುವುದು ನನ್ನಂಥವನಿಗೆ ಕಷ್ಟವೇನಲ್ಲ. ಹಚ್ಚುವುದಿಲ್ಲ.

"ಇನ್ನೊಂದೇ ಒಂದು ಸಾರ್," ಎಂದರು ಅವರು. "ಕಡೇ ಸಲ ಬಂದಿದ್ಲಲ್ಲ, ಅವತ್ತು ಹೆಂಗಿದ್ಲು?"

"ಖುಷಿಯಾಗಿದ್ರು ಸಾರ್," ಎಂದೆ.